‘ಒಂದೇ ಕಂಟೆಂಟ್ ಸಾರ್, ಕಂಪನಿ ಬೇರೆ ಅಷ್ಟೆ’

ಮಗುವಿಗೆ ಕಿಡ್ನಿ ಕಸಿ ಮಾಡಿಸಿ ಊರಿಗೆ ಕರಕೊಂಡು ಬಂದಿರುವವರು ಇದನ್ನು ಓದಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ನಮ್ಮದು ಹೊಸನಗರದ ಕಡೆ ಒಂದು ಹಳ್ಳಿ. ಮಗನಿಗೆ ಹುಟ್ಟಿನಿಂದಲೇ ಮೂತ್ರದ ದಾರಿಯಲ್ಲಿ ಅಡ್ಡ ಪೊರೆ ಇತ್ತು. ಗಂಡುಮಕ್ಕಳಿಗೆ ಮಾತ್ರ ಬರುವ ತೊಂದರೆ ಅದು. ಉಚ್ಚೆ ಧಾರೆಯಾಗಿ ಹೋಗದೆ ಹನಿ ಹನಿ ಬೀಳುತ್ತಿತ್ತು. ಸಣ್ಣವನು, ಸರಿಹೋಗುತ್ತೆ ಅಂತ ಸುಮ್ನಿದ್ದೆವು. ಏಳನೇ ವರ್ಷಕ್ಕೆ ಎರಡೂ ಕಿಡ್ನಿ ಕೈಕೊಟ್ಟವು. ಒಂದು ವರ್ಷ ಡಯಾಲಿಸಿಸ್, ಆಮೇಲೆ ಬೆಂಗಳೂರಿನಲ್ಲಿ ಅವನ ಅಮ್ಮನ ಕಿಡ್ನಿ ಹಾಕಿದರು. ದೊಡ್ಡವರ ಕಿಡ್ನಿ ಅಷ್ಟು ಸಣ್ಣ ಹೊಟ್ಟೆಯಲ್ಲಿ ಹಿಡಿಸುತ್ತದಾ ಅಂತ ನನಗೆ ಭಯ. ಹಿಡಿಸಿತು. ಕೆಳಹೊಟ್ಟೆಯ ಬಲಗಡೆ ಮುಟ್ಟಿದರೆ ಈಗಲೂ ಕೈಗೆ ಸಿಗುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.6ಕ್ಕೆ ಬಂದು ನಿಂತಿತು.

ಅವನ ಮುಖ್ಯ ಔಷಧಿ ಟ್ಯಾಕ್ರೋಲಿಮಸ್. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಬೇರೆಯವರ ಕಿಡ್ನಿ ಅಂತ ಮೈ ಅದರ ಮೇಲೆ ತಿರುಗಿ ಬೀಳದ ಹಾಗೆ ತಡೆಯುವುದು ಈ ಕ್ಯಾಪ್ಸೂಲು. ರಕ್ತದಲ್ಲಿ ಕಡಿಮೆಯಾದರೆ ಕಿಡ್ನಿ ರಿಜೆಕ್ಟ್ ಆಗುತ್ತದೆ, ಜಾಸ್ತಿಯಾದರೆ ಅದೇ ಕಿಡ್ನಿಯನ್ನು ಕೆಡಿಸುತ್ತದೆ.

ಹೋದ ವರ್ಷ ಪುನರ್ವಸು ಮಳೆ ಹಿಡಿದು ಹೊಡೆಯುತ್ತಿತ್ತು. ಎರಡು ದಿನದ ಕ್ಯಾಪ್ಸೂಲು ಉಳಿದಿದೆ ಅನ್ನುವಾಗ ಶಿವಮೊಗ್ಗಕ್ಕೆ ಓಡಿದೆ. ಯಾವಾಗಲೂ ತರುವ ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಇನ್ನೊಂದು ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟರು. ‘ಒಂದೇ ಕಂಟೆಂಟ್ ಸಾರ್, ಕಂಪನಿ ಬೇರೆ ಅಷ್ಟೆ.’ ಬೆಲೆಯೂ ಕಡಿಮೆ. ನನಗೆ ಖುಷಿಯೇ ಆಯಿತು. ಒಂದು ತಿಂಗಳಿಗಾಗುವಷ್ಟು ತಂದೆ.

ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ ಬೇರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ತೂಕ ಹಾಕಿಯೇ ಬೆರೆಸಿದೆ. ಮಗನ ರಕ್ತದಲ್ಲಿ ಹೊಸ ಕ್ಯಾಪ್ಸೂಲು ಎಷ್ಟು ನಿಂತಿದೆ ಅಂತ ನೋಡಿಸಲಿಲ್ಲ. ಬೆಂಗಳೂರಿಗೆ ಹೋಗುವ ತಾರೀಕನ್ನೂ ಮಳೆ ಅಂತ ಮುಂದೂಡಿದೆ. ಹುಡುಗ ಶಾಲೆಗೆ ಹೋಗುತ್ತಿದ್ದ, ಉಣ್ಣುತ್ತಿದ್ದ, ಕುಣಿಯುತ್ತಿದ್ದ.

ತಿಂಗಳ ಕೊನೆಗೆ ಇಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ಕ್ರಿಯಾಟಿನಿನ್ 1.1. ಪಕ್ಕದಲ್ಲಿ ನಾರ್ಮಲ್ 0.6ರಿಂದ 1.2 ಅಂತ ಪ್ರಿಂಟಾಗಿತ್ತು. ‘ಎಲ್ಲಾ ನಾರ್ಮಲ್ ಕಣೇ’ ಅಂತ ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. ಆ ಲೆಕ್ಕ ದೊಡ್ಡವರದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಸ್ನಾನ ಮಾಡಿಸುವಾಗ ನೋಡಿದರೆ ಚಡ್ಡಿಯ ಎಲಾಸ್ಟಿಕ್ ಗುರುತು ಸೊಂಟದ ಸುತ್ತ ತೋಡಿನ ಹಾಗೆ ಕೂತಿದೆ. ಮುಖ ಊದಿದೆ. ಅವತ್ತೇ ರಾತ್ರಿ ಬಸ್ಸು ಹತ್ತಿದೆವು. ಬೆಂಗಳೂರಲ್ಲಿ ಕ್ರಿಯಾಟಿನಿನ್ 1.9, ಔಷಧಿಯ ಲೆವೆಲ್ ಇರಬೇಕಾದ್ದರ ಅರ್ಧವೂ ಇಲ್ಲ. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ರಿಜೆಕ್ಷನ್ ಅಂತ ಬಂತು. ಡಾಕ್ಟರ್ ಮೇಡಂ ಹಳೇ ರಿಪೋರ್ಟು ನೋಡಿ, ‘0.6 ಇದ್ದದ್ದು 1.1 ಆಗಿದೆ, ಹತ್ತಿರ ಹತ್ತಿರ ಎರಡು ಪಟ್ಟು. ಅವತ್ತೇ ಒಂದು ಫೋನ್ ಮಾಡಬಾರದಿತ್ತಾ?’ ಅಂದರು. ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಕಿಡ್ನಿ ಉಳಿಯಿತು, ಆದರೆ ಕ್ರಿಯಾಟಿನಿನ್ 0.9ಕ್ಕೆ ನಿಂತಿದೆ. ಹಳೇ 0.6 ವಾಪಸ್ ಬರಲಿಲ್ಲ.

ಕಡಿಮೆ ಬೆಲೆಯದ್ದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಎಷ್ಟೋ ಮಕ್ಕಳು ಅದರ ಮೇಲೇ ಚೆನ್ನಾಗಿದ್ದಾರೆ. ಆದರೆ ಈ ಔಷಧಿಯ ಕಂಪನಿ ಬದಲಾದರೆ ಮೊದಲು ಡಾಕ್ಟರಿಗೆ ಹೇಳಿ, ಅವರು ಹೇಳಿದ ದಿನ ಲೆವೆಲ್ ನೋಡಿಸಿ. ರಕ್ತ ಕೊಡುವುದು ಬೆಳಗಿನ ಕ್ಯಾಪ್ಸೂಲು ನುಂಗುವ ಮೊದಲು. ಲ್ಯಾಬ್ ತೆರೆಯುವುದು ಒಂಬತ್ತಕ್ಕೆ ಅಂತ ಎಂಟಕ್ಕೇ ನುಂಗಿಸಿ ಹೋದರೆ ಲೆವೆಲ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕ್ರಿಯಾಟಿನಿನ್ ಅನ್ನು ಪ್ರಿಂಟಾದ ನಾರ್ಮಲ್ ಜೊತೆ ಅಲ್ಲ, ಮಗುವಿನದ್ದೇ ಹಿಂದಿನ ರಿಪೋರ್ಟಿನ ಜೊತೆ ಹೋಲಿಸಿ. ಹಾಂ, ಹಿತ್ತಲಲ್ಲಿ ಚಕ್ಕೋತ ಮರ ಇದ್ದವರು ಆ ಹಣ್ಣು ಕೊಡಬೇಡಿ, ಅದು ಈ ಔಷಧಿಯ ಲೆವೆಲ್ ಏರಿಸುತ್ತದೆ.

ಈ ಸಲ ಮಳೆಗಾಲದ ಕ್ಯಾಪ್ಸೂಲು ಮೇ ತಿಂಗಳಲ್ಲೇ ತಂದಿಟ್ಟಿದ್ದೇನೆ. ಅವನು ಒಗ್ಗಿಕೊಂಡಿರುವ ಕಂಪನಿಯ ಖಾಲಿ ಶೀಟು ನನ್ನ ಪರ್ಸಿನಲ್ಲಿದೆ. ಅಂಗಡಿಯಲ್ಲಿ ಬಾಯಲ್ಲಿ ಹೆಸರು ಹೇಳುವುದಿಲ್ಲ, ಅದನ್ನೇ ತೋರಿಸುತ್ತೇನೆ.