ಟಾನಿಕ್‌ನಿಂದ ಮಲ ಕಪ್ಪಗಾಗಿದೆ ಎಂದರೆ ನಂಬಬೇಡಿ

ಅಪ್ಪ ಬದುಕಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ತೋಟ. ಕಾಫಿ ಕೊಯ್ಲಿನ ಹೊತ್ತಿಗೆ ಅಪ್ಪನ ಮಂಡಿನೋವು ಜೋರಾಯಿತು. ಪೇಟೆಯ ಮೆಡಿಕಲ್ ಅಂಗಡಿಯಿಂದ ನಾನೇ, ಹೌದು ನಾನೇ, ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದುಕೊಟ್ಟೆ. ಅವರು ಚೀಟಿ ಕೇಳಲಿಲ್ಲ. ಅಪ್ಪ ಹೃದಯಕ್ಕೆಂದು ದಿನಾ ಆಸ್ಪಿರಿನ್ ನುಂಗುತ್ತಾರೆ ಎಂದು ಹೇಳಿದ್ದೆ, ಸ್ಪಷ್ಟವಾಗಿ ಹೇಳಿದ್ದೆ. "ಅದಕ್ಕೂ ಇದಕ್ಕೂ ಸಂಬಂಧವಿಲ್ಲಮ್ಮ, ಬೆಳಿಗ್ಗೆ ಒಂದು ರಾತ್ರಿ ಒಂದು ಕೊಡಿ" ಎಂದರು. ಆರು ವಾರ ಕೊಟ್ಟೆ.

ಆಮೇಲೆ ಸುಸ್ತು. ಗೇಟಿನಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕುಳಿತುಕೊಳ್ಳುತ್ತಿದ್ದರು. ಅದೇ ಅಂಗಡಿಯವರು ಕಬ್ಬಿಣಾಂಶದ ಟಾನಿಕ್ ಕೊಟ್ಟರು. ವಾರದ ನಂತರ ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅಪ್ಪನ ಮಲ ನೋಡಿದೆ: ಡಾಂಬರಿನಂತೆ ಕಪ್ಪು, ಎರಡು ಬಕೆಟ್ ನೀರು ಹಾಕಿದರೂ ಬಿಡದ ಅಂಟು, ಎಂದೂ ಕಂಡರಿಯದ ದುರ್ವಾಸನೆ. ಅಂಗಡಿಗೆ ಫೋನ್ ಮಾಡಿದೆ. ನಕ್ಕರು. "ಟಾನಿಕ್ ಕುಡಿದರೆ ಎಲ್ಲರಿಗೂ ಕಪ್ಪಗೇ ಹೋಗುತ್ತದೆ. ಓದಿದವರು ನೀವು, ಇಷ್ಟೂ ಗೊತ್ತಿಲ್ಲವೇ?" ನಾಚಿಕೆಯಾಗಿ ಫೋನ್ ಇಟ್ಟೆ. ಆ ನಗುವನ್ನು ನಂಬಿದೆನಲ್ಲ, ಅದೇ ಹೊಟ್ಟೆ ಉರಿಯುವುದು.

ಮೂರನೆಯ ರಾತ್ರಿ ಅಪ್ಪ ವಾಂತಿ ಮಾಡಿಕೊಂಡರು. ದಿನಾ ಸೋಸಿ ಎಸೆಯುವ ಕಾಫಿ ಚರಟವೇ ತಟ್ಟೆಯಲ್ಲಿ ಬಿದ್ದಂತಿತ್ತು. ಹೊಟ್ಟೆಯ ಆಮ್ಲದಲ್ಲಿ ರಕ್ತ ಹಾಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಹಾಸನಕ್ಕೆ ಕರೆದೊಯ್ದೆವು. ಹಿಮೋಗ್ಲೋಬಿನ್ ಬರೀ 6ಕ್ಕೆ ಇಳಿದಿತ್ತು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಟಾನಿಕ್ ಮೊದಲೋ, ಕಪ್ಪಗೆ ಹೋಗಿದ್ದು ಮೊದಲೋ?"

ನನಗೆ ಗೊತ್ತಿರಲಿಲ್ಲ. ಅಪ್ಪ ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದರು: "ಟಾನಿಕ್‌ಗೆ ಮೊದಲೇ ಇತ್ತು ಪುಟ್ಟಿ. ನಿನ್ನ ಹತ್ತಿರ ಹೇಗೆ ಹೇಳಲಿ?"

ಅಂದರೆ ಸುಸ್ತಾಗಿದ್ದೇ ಒಳಗೆ ರಕ್ತ ಸೋರಿದ್ದರಿಂದ. ಆ ಸುಸ್ತಿಗೆ ಟಾನಿಕ್ ಕೊಟ್ಟರು, ಆಮೇಲೆ ಕಪ್ಪಗಾದದ್ದಕ್ಕೆ ಅದೇ ಟಾನಿಕ್ ತೋರಿಸಿದರು! ಎಂಡೋಸ್ಕೋಪಿಯಲ್ಲಿ ಜಠರದಲ್ಲಿ ಹುಣ್ಣು ಕಂಡಿತು. ನೋವಿನ ಮಾತ್ರೆ ಜಠರದ ಒಳಪದರವನ್ನು ಕಾಯುವ ಅಂಶವನ್ನೇ ತಗ್ಗಿಸುತ್ತದಂತೆ. ಆಸ್ಪಿರಿನ್ ಅದನ್ನೂ ಮಾಡಿ, ರಕ್ತ ಬೇಗ ಹೆಪ್ಪುಗಟ್ಟದಂತೆಯೂ ಮಾಡುತ್ತದೆ. ವಯಸ್ಸಾದವರಿಗೆ ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದಲೂ ಹುಣ್ಣಾಗುತ್ತದೆ ಎಂದು ಅದರ ಪರೀಕ್ಷೆಯನ್ನೂ ಮಾಡಿದರು. ಕಬ್ಬಿಣಾಂಶದಿಂದ ಮಲ ಕಪ್ಪಾಗುವುದು ನಿಜ, ಆದರೆ ಆ ಅಂಟು, ಆ ನಾತ ಇರುವುದಿಲ್ಲ.

ಮೂರು ಬಾಟಲಿ ರಕ್ತ ಏರಿಸಿದರು. ಡಿಸ್ಚಾರ್ಜ್ ಆದ ಮೇಲೆ ಕಾಗದ ಹಿಡಿದು ಅಂಗಡಿಗೆ ಹೋದೆ. "ನಾನೇನು ಬಲವಂತವಾಗಿ ನುಂಗಿಸಿದೆನೇ? ಕೇಳಿದಿರಿ, ಕೊಟ್ಟೆ. ಬಿಲ್ ಇದೆಯೇ?" ಬಿಲ್ ಕೊಟ್ಟಿದ್ದರೆ ತಾನೇ ಇರಲು! ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾತ್ರೆಯ ಶೀಟಿನ ಮೇಲೆಯೇ ಅಚ್ಚಾಗಿದೆ. ತೋರಿಸಿದೆ. ಮುಂದಿನ ಗಿರಾಕಿಯ ಕಡೆ ತಿರುಗಿಕೊಂಡರು.

ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ನೋವಿನ ಮಾತ್ರೆಯನ್ನು ಅಂಗಡಿಯವರ ಮಾತಿನ ಮೇಲೆ ಕೊಡಬೇಡಿ. ಹಾಗೆಂದು ಹೃದಯದ ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ, ವೈದ್ಯರನ್ನು ಕೇಳಿ. ಕೆಂಪು ರಕ್ತ ಹೋದರೆ ಮೂಲವ್ಯಾಧಿ ಎಂದು ಸುಮ್ಮನಿರಬೇಡಿ, ಕರುಳಿನ ಕ್ಯಾನ್ಸರ್‌ನಲ್ಲೂ ಹಾಗೆ ಹೋಗಬಹುದು. ಹಿರಿಯರು ತಾವಾಗಿ ಹೇಳುವುದಿಲ್ಲ, ನಾಚಿಕೆ ಬಿಟ್ಟು ನೀವೇ ಕೇಳಿ. ಡಾಂಬರಿನಂತೆ ಹೋದರೆ, ಚರಟದಂತೆ ವಾಂತಿಯಾದರೆ, ತಲೆ ಸುತ್ತಿ ಮೈ ತಣ್ಣಗೆ ಬೆವರಿದರೆ ನನ್ನ ಹಾಗೆ ಅಂಗಡಿಗೆ ಫೋನ್ ಮಾಡಬೇಡಿ, 108ಕ್ಕೆ ಮಾಡಿ.