ಬ್ಯಾಟರಿ ಡ್ರೈನ್ ಹುಡುಕಲು ಯೂನಿ-ಟಿ ಯುಟಿ210ಇ ಕ್ಲ್ಯಾಂಪ್ ಮೀಟರ್: ಎಲ್ಲಿ ನಂಬಬಹುದು, ಎಲ್ಲಿ ಬೇಡ

ನಿಂತ ಗಾಡಿಯಲ್ಲಿ ಯಾವುದೋ ಭಾಗ ಸದ್ದಿಲ್ಲದೆ ಕರೆಂಟ್ ಎಳೆದು ಬ್ಯಾಟರಿ ಖಾಲಿ ಮಾಡುವುದೇ ಬ್ಯಾಟರಿ ಡ್ರೈನ್. ವೈರನ್ನು ಬಿಚ್ಚದೆ, ಅದರ ಸುತ್ತ ಬಾಯಿ ಹಾಕಿ ಕರೆಂಟ್ ಅಳೆಯುವುದು ಕ್ಲ್ಯಾಂಪ್ ಮೀಟರ್. ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಹೆಚ್ಚಿನವು ಎಸಿ ಕರೆಂಟನ್ನಷ್ಟೇ ಓದುತ್ತವೆ. ಡಿಸಿ ಹರಿಯುವ ಕಾರಿನ ಬ್ಯಾಟರಿ ಕೇಬಲ್‌ಗೆ ಹಾಕಿದರೆ ಬರೀ ಸೊನ್ನೆ. ಡಿಸಿ ಓದುವ 400 ಆಂಪ್ಸ್ ಮೀಟರ್‌ಗಳಲ್ಲೂ ಕೊನೆಯ ಅಂಕಿ ಸಾಮಾನ್ಯವಾಗಿ 10 ಅಥವಾ 100 ಮಿಲಿಆಂಪ್ಸ್‌ಗೆ ನಿಲ್ಲುತ್ತದೆ. ನಿಂತ ಗಾಡಿ ಎಳೆಯಬೇಕಾದದ್ದೇ ಸುಮಾರು 20ರಿಂದ 50 ಮಿಲಿಆಂಪ್ಸ್. ಯುಟಿ210ಇಯ 2 ಆಂಪ್ಸ್ ರೇಂಜ್ 1 ಮಿಲಿಆಂಪ್‌ವರೆಗೂ ತೋರಿಸುತ್ತದೆ. ಇದನ್ನು ಕೊಳ್ಳಲು ಆ ಕಾರಣವೊಂದೇ ಸಾಕು.

ಬ್ಯಾಟರಿ ಟರ್ಮಿನಲ್ ಬಿಚ್ಚಬೇಕಿಲ್ಲ ಅನ್ನುವುದು ಚಿಕ್ಕ ಅನುಕೂಲವಲ್ಲ. ಮಲ್ಟಿಮೀಟರನ್ನು ಸೀರೀಸ್‌ನಲ್ಲಿ ಹಾಕಲು ಕೇಬಲ್ ಬಿಚ್ಚಿದರೆ, ಅಷ್ಟು ಹೊತ್ತು ತಂಟೆ ಮಾಡುತ್ತಿದ್ದ ಮಾಡ್ಯೂಲ್ (ಗಾಡಿಯ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ) ರೀಸೆಟ್ ಆಗಿ ಸಭ್ಯನಂತೆ ಕೂತುಬಿಡಬಹುದು. ಮರೆತು ಸ್ಟಾರ್ಟ್ ಮಾಡಿದರಂತೂ ಮೀಟರಿನ ಫ್ಯೂಸ್ ಹೋಯಿತು.

ಝೀರೋ ಮಾಡುವುದರಲ್ಲೇ, ಅಂದರೆ ಅಳೆಯುವ ಮೊದಲು ರೀಡಿಂಗನ್ನು ಸೊನ್ನೆಗೆ ತರುವುದರಲ್ಲೇ, ಹೆಚ್ಚಿನವರು ಎಡವುವುದು. ಕಾಂತಕ್ಷೇತ್ರದಿಂದ ಕರೆಂಟನ್ನು ಗುರುತಿಸುವ ಇದರ ಹಾಲ್ ಸೆನ್ಸರ್ ಭೂಮಿಯ ಕಾಂತಕ್ಷೇತ್ರಕ್ಕೂ ಸ್ಪಂದಿಸುತ್ತದೆ. ಹಾಗಾಗಿ ಕೇಬಲ್ ಪಕ್ಕದಲ್ಲೇ, ಕ್ಲ್ಯಾಂಪ್ ಕೂರಬೇಕಾದ ದಿಕ್ಕಿನಲ್ಲೇ ಹಿಡಿದು, ಮೀಟರಿನ ಬಾಯಿ ಮುಚ್ಚಿ ಝೀರೋ ಒತ್ತಿ. ನಂತರ ನೆಗೆಟಿವ್ ಟರ್ಮಿನಲ್‌ನಿಂದ ಹೊರಡುವ ಎಲ್ಲಾ ವೈರ್‌ಗಳನ್ನೂ ಒಟ್ಟಿಗೆ ಹಿಡಿಯಿರಿ. ಸಣ್ಣದೊಂದು ಹೊರಗುಳಿದರೂ ಲೆಕ್ಕ ತಪ್ಪುತ್ತದೆ. ಬಾಯಿ 17 ಮಿ.ಮೀ. ಮಾತ್ರ, ದಪ್ಪ ಕೇಬಲ್‌ಗಳು ಎರಡಿದ್ದರೆ ಬೇರೆಬೇರೆಯಾಗಿ ಓದಿ ಕೂಡಿಸಬೇಕು. ಹೊತ್ತು ಕಳೆದಂತೆ ಸೊನ್ನೆ ಕೆಲವು ಮಿಲಿಆಂಪ್ಸ್ ಜರುಗುವುದೂ ಉಂಟು, ನಡುನಡುವೆ ಮತ್ತೆ ಝೀರೋ ಮಾಡಿ. 25 ಇದೆಯೋ 30 ಇದೆಯೋ ಎಂಬ ಜಗಳಕ್ಕೆ ಈ ಮೀಟರ್ ಅಲ್ಲ. 30 ಇದೆಯೋ 300 ಇದೆಯೋ ಎಂಬುದಕ್ಕೆ ಧಾರಾಳವಾಗಿ ಸಾಕು.

ಬಾನೆಟ್ ಮತ್ತು ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಗಾಡಿ ತಿಳಿಯುವಂತೆ, ಅವುಗಳ ಲಾಚನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಮುಚ್ಚಿದ ಸ್ಥಿತಿಗೆ ತನ್ನಿ, ಕಾರ್ ಲಾಕ್ ಮಾಡಿ, ಕೀಲೆಸ್ ಆದರೆ ಕೀಯನ್ನು ದೂರ ಇಡಿ. ಮಾಡ್ಯೂಲ್‌ಗಳು ಮಲಗಲು, ಅಂದರೆ ಕೆಲಸ ನಿಲ್ಲಿಸಿ ಅತಿ ಕಡಿಮೆ ಕರೆಂಟಿಗೆ ಇಳಿಯಲು, ಕೆಲವು ಗಾಡಿಗಳಲ್ಲಿ ಅರ್ಧ ಗಂಟೆಗೂ ಮೇಲೆ ಬೇಕು. ಅಷ್ಟರೊಳಗೆ ಬರುವ ರೀಡಿಂಗ್‌ಗೆ ಬೆಲೆಯಿಲ್ಲ. ಆಮೇಲೂ 500 ಮಿಲಿಆಂಪ್ಸ್ ನಿಂತಿದ್ದರೆ 60 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಐದು ದಿನಕ್ಕೆ ಪೂರ್ತಿ ಖಾಲಿ. ಸ್ಟಾರ್ಟ್ ಆಗದಿರುವುದು ಅದಕ್ಕೂ ಮುಂಚೆಯೇ.

ಯಾವ ಸರ್ಕ್ಯೂಟ್ ಎಳೆಯುತ್ತಿದೆ ಎಂದು ಹುಡುಕಲು ಫ್ಯೂಸ್ ಕೀಳಬೇಡಿ, ಮಲಗಿದ ಮಾಡ್ಯೂಲ್ ಎದ್ದೀತು. ಫ್ಯೂಸ್ ತಲೆಯ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. 10 ಆಂಪ್ಸ್ ಮಿನಿ ಫ್ಯೂಸ್ ಮೇಲೆ 0.1 ಮಿಲಿವೋಲ್ಟ್ ಕಂಡರೆ ಅದರಲ್ಲಿ ಸುಮಾರು 13 ಮಿಲಿಆಂಪ್ಸ್ ಹರಿಯುತ್ತಿದೆ. ಯುಟಿ210ಇ ಹಿಂದೆ ಬೀಳುವುದು ಇಲ್ಲೇ: 0.1ಕ್ಕಿಂತ ಸಣ್ಣದನ್ನು ಅದು ಓದದು, 30 ಆಂಪ್ಸ್ ಫ್ಯೂಸ್‌ನ ರೆಸಿಸ್ಟೆನ್ಸ್ ಇನ್ನೂ ಕಡಿಮೆ, ಹಾಗಾಗಿ ಅದೇ ಕರೆಂಟಿಗೆ ಮಿಲಿವೋಲ್ಟೂ ಕಡಿಮೆ. ಈ ಹಂತಕ್ಕೆ 0.01 ಮಿಲಿವೋಲ್ಟ್ ಓದುವ ಮಲ್ಟಿಮೀಟರ್ ಜೊತೆಗಿರಲಿ.

ಯಾವ ಫ್ಯೂಸ್‌ನಲ್ಲೂ ಹೆಚ್ಚಿನ ಕರೆಂಟ್ ಕಾಣದಿದ್ದೂ ಡ್ರೈನ್ ಉಳಿದರೆ ಕ್ಲ್ಯಾಂಪನ್ನು ಆಲ್ಟರ್ನೇಟರ್‌ನ ದಪ್ಪ ಕೇಬಲ್‌ಗೆ ಹಾಕಿ. ಅಲ್ಲಿ ನೂರಾರು ಮಿಲಿಆಂಪ್ಸ್ ಕಂಡರೆ ಅದರೊಳಗೆ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯಬೇಕಾದ ಡಯೋಡ್ ಲೀಕ್ ಆಗುತ್ತಿದೆ. ಅಲ್ಲೂ ಇಲ್ಲವಾದರೆ, ನೇರ ಬ್ಯಾಟರಿಗೆ ಕಟ್ಟಿದ ಟ್ರ್ಯಾಕರ್, ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್ ವೈರ್‌ಗಳನ್ನು ಒಂದೊಂದಾಗಿ ಹಿಡಿದು ನೋಡಿ.