ಅಪ್ಪನ ಕೋವಿ, ನಾಗರಹೊಳೆಯ ದಾರಿ: ನಮ್ಮಿಂದಾದ ತಪ್ಪು ನಿಮ್ಮಿಂದಾಗದಿರಲಿ

ಹಬ್ಬ ಮುಗಿಸಿ ಊರಿನಿಂದ ಪಟ್ಟಣಕ್ಕೆ ಕೋವಿ ಒಯ್ಯುವ ಯೋಚನೆಯಲ್ಲಿರುವ ಕೊಡಗಿನವರೆಲ್ಲರೂ, ಅದರಲ್ಲಿಯೂ ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಇನ್ನೂ ಕೋವಿಯನ್ನು ಉಳಿಸಿಕೊಂಡಿರುವವರು, ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಆಯುಧಗಳನ್ನು ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬದ ಮರುದಿನ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಕುಟ್ಟದ ಕಡೆಯ ನಮ್ಮ ಐನ್‌ಮನೆಯಿಂದ, ಅಂದರೆ ಕುಟುಂಬದ ಮೂಲಮನೆಯಿಂದ, ಮೈಸೂರಿಗೆ ಹೊರಟೆವು. ರಾತ್ರಿ ಊಟದ ಹೊತ್ತಿಗೆ ಮನೆ ಸೇರಬೇಕಾಗಿದ್ದ ನಾವಿಬ್ಬರೂ ಮೂರು ರಾತ್ರಿಗಳನ್ನು ಬಂಧನದಲ್ಲಿ ಕಳೆದೆವು. ಕಾರು ಕೈಸೇರಲು ಏಳು ತಿಂಗಳು ಬೇಕಾಯಿತು. ಕೋವಿ ಇಂದಿಗೂ ಮನೆಗೆ ಬಂದಿಲ್ಲ. ನಾವು ಯಾವ ಪ್ರಾಣಿಗೂ ಗುರಿಯಿಟ್ಟವರಲ್ಲ, ಕಾಡಿನೊಳಗೆ ಕಾರಿನಿಂದ ಕಾಲು ಕೆಳಗಿಟ್ಟವರೂ ಅಲ್ಲ.

ಆ ಕೋವಿ ನನ್ನ ಅಜ್ಜ ಬೇಟೆಗೆಂದೇ ಕೊಂಡದ್ದು, 12 ಬೋರಿನ ಜೋಡುನಳಿಗೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಬೇಟೆಗೆ ಹೋದದ್ದಿಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ಕೊಯ್ಯುವಾಗ ಹಾರಿಸುವ ಗುಂಡಿಗೆ, ಮನೆಯಲ್ಲಿ ಸಾವಾದಾಗ ಊರಿಗೆ ತಿಳಿಸುವ ಎರಡು ಗುಂಡುಗಳಿಗೆ, ಕೈಲ್ ಮುಹೂರ್ತದ ಪೂಜೆಗೆ ಮಾತ್ರ ಅದು ಹೊರಬರುತ್ತಿತ್ತು. ಅಜ್ಜನ ನಂತರ ಅಪ್ಪ ಅದನ್ನು ನೋಡಿಕೊಂಡಿದ್ದರು. ಅಪ್ಪ ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು. ಎಡನಳಿಗೆಯ ಕುದುರೆ (ಗುಂಡು ಹಾರಿಸುವ ಭಾಗ) ಸಡಿಲಾಗಿದ್ದುದರಿಂದ ಮೈಸೂರಿನಲ್ಲಿ ಪರವಾನಗಿ ಇರುವ ಕೋವಿ ಅಂಗಡಿಯೊಂದಕ್ಕೆ ಕೊಟ್ಟು ಸರಿಪಡಿಸಬೇಕೆಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಹಬ್ಬದ ದಿನ ತೋಕ್ ಪೂ ಎಂಬ ಹೂವನ್ನು ಮುಡಿಸಿ ಕೋವಿಗೆ ಪೂಜೆ ಮಾಡಿದೆವು, ಮಧ್ಯಾಹ್ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಬಲನಳಿಗೆಯಿಂದ ನಾಲ್ಕು ತೋಟೆ ಹಾರಿಸಿದೆವು. ಹೇಗೂ ಅಂಗಡಿಗೆ ಕೊಡುವುದಿದೆಯಲ್ಲ ಎಂದು ನಳಿಗೆಯನ್ನು ಶುಚಿ ಮಾಡದೆ ಹಾಗೆಯೇ ಬಟ್ಟೆಯ ಚೀಲಕ್ಕೆ ಸೇರಿಸಿದೆ. ಉಳಿದ ಆರು ತೋಟೆಗಳನ್ನೂ ಅದೇ ಚೀಲದ ಬದಿಯ ಜೇಬಿನಲ್ಲಿಟ್ಟೆ. ಮರುದಿನ ಹೊರಡುವಾಗ ಅಮ್ಮ ಮೈಸೂರಿನ ಮನೆಯವರಿಗೆಂದು ಹಬ್ಬದ ಹಂದಿಮಾಂಸವನ್ನು ಹಸಿಯಾಗಿಯೇ ಡಬ್ಬಿಗೆ ತುಂಬಿಕೊಟ್ಟರು. ರಾತ್ರಿ ತೋಟಕ್ಕೆ ಹೋಗುವಾಗ ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಕಾರಿನಲ್ಲಿಯೇ ಇತ್ತು. ಕೋವಿಯ ಚೀಲವನ್ನು ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿಸುವಾಗ ತಮ್ಮ ಅದರ ಚಿತ್ರ ತೆಗೆದು, “ಬೇಟೆಗೆ ಹೊರಟ ಸವಾರಿ” ಎಂದು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ. ಇಪ್ಪತ್ತಮೂರು ವರ್ಷದ ಹುಡುಗನ ಹಬ್ಬದ ಉತ್ಸಾಹವದು. ನಾನು ಅದನ್ನು ನೋಡಿಯೂ ತೆಗೆಸಲಿಲ್ಲ.

ಪೊನ್ನಂಪೇಟೆ, ಗೋಣಿಕೊಪ್ಪ ಸುತ್ತಿ ಹೋಗುವ ಬದಲು ಹತ್ತಿರದ ದಾರಿಯೆಂದು ನಾಗರಹೊಳೆಯೊಳಗಿನ ರಸ್ತೆಯನ್ನು ಆರಿಸಿಕೊಂಡೆವು. ಸಂಜೆ ಗೇಟು ಮುಚ್ಚುವುದರೊಳಗೆ ದಾಟಬೇಕೆಂಬ ಆತುರವೂ ಇತ್ತು. ಕಾಡಿಗೆ ಪ್ರವೇಶಿಸುವ ಗೇಟಿನಲ್ಲಿ ಸಿಬ್ಬಂದಿಯೊಬ್ಬರು ವಾಹನದ ಸಂಖ್ಯೆ ಬರೆದುಕೊಂಡು, ಒಳಗೆ ಏನಿದೆ ಎಂದು ವಿಚಾರಿಸಿದರು. “ಬಟ್ಟೆಬರೆ, ಊಟದ ಡಬ್ಬಿ ಅಷ್ಟೇ ಅಣ್ಣ” ಎಂದು ತಮ್ಮ ಹೇಳಿದ. ಹಿಂದಿನ ಸೀಟಿನ ಚೀಲದ ಮೇಲೆ ಅಷ್ಟರಲ್ಲಿ ಕಂಬಳಿ ಹೊದಿಸಿದ್ದೆವು. ಸುಳ್ಳನ್ನು ಹೇಳಿದವನು ಅವನಾದರೂ, ಚಾಲಕನ ಸೀಟಿನಲ್ಲಿ ಕುಳಿತು ಸುಮ್ಮನಿದ್ದ ಹಿರಿಯವನು ನಾನು.

ನಾವು ಕಾಡು ದಾಟಿ ಆಚೆಯ ಗೇಟಿಗೆ ಬರುವಷ್ಟರಲ್ಲಿ ಆ ಸ್ಟೇಟಸ್ ಚಿತ್ರ ಯಾರದೋ ಫೋನಿನಿಂದ ಅರಣ್ಯ ಸಿಬ್ಬಂದಿಗೆ ತಲುಪಿತ್ತು. ಕಾರಿನ ಮುಂದೆ ಜೀಪು ಅಡ್ಡ ನಿಂತಿತ್ತು. ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಕಂಡದ್ದನ್ನು ನೀವೇ ಊಹಿಸಿಕೊಳ್ಳಿ: ಹುಲಿಗಳಿರುವ ರಾಷ್ಟ್ರೀಯ ಉದ್ಯಾನವನ್ನು ಸಂಜೆಯ ಮಬ್ಬಿನಲ್ಲಿ ದಾಟಿಬಂದ ಕಾರು, ಕಂಬಳಿಯಡಿಯಲ್ಲಿ ಸುಟ್ಟ ಮದ್ದಿನ ವಾಸನೆ ಬರುತ್ತಿರುವ ನಳಿಗೆ, ಅದರ ಪಕ್ಕದಲ್ಲಿಯೇ ತೋಟೆಗಳು, ತಲೆಗೆ ಕಟ್ಟುವ ಟಾರ್ಚ್, ಡಬ್ಬಿಯಲ್ಲಿ ಹಸಿ ಹಂದಿಮಾಂಸ, ಬೇಟೆಗೆ ಹೊರಟಿದ್ದೇವೆಂದು ನಾವೇ ಊರಿಗೆಲ್ಲ ಸಾರಿದ ಬರಹ. ಅವರು ನಮ್ಮೊಡನೆ ಒಂದು ಒರಟು ಮಾತನ್ನೂ ಆಡಲಿಲ್ಲ. ಪಂಚರನ್ನು ಕರೆಸಿ, ಮಹಜರು ಬರೆದು, ಕೋವಿ, ತೋಟೆ, ಮಾಂಸ, ಎರಡು ಫೋನು ಮತ್ತು ಕಾರನ್ನು ಜಪ್ತಿ ಮಾಡಿದರು. ಅವರಲ್ಲಿ ಹಿರಿಯರೊಬ್ಬರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ನೀವು ಆ ಗೇಟಿನಲ್ಲಿಯೇ ಕೋವಿ ಇದೆ ಎಂದು ಹೇಳಿದ್ದರೆ ಅಲ್ಲಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದರು ಸರ್, ಬೇರೆ ದಾರಿಯಲ್ಲಿ ಹೋಗುತ್ತಿದ್ದಿರಿ.”

ಆ ರಾತ್ರಿ ನಾನು ಮತ್ತೆ ಮತ್ತೆ ಹೇಳುತ್ತಿದ್ದುದು, ನಾವು ಜಮ್ಮಾ (ವಂಶಪಾರಂಪರ್ಯ ಭೂಹಿಡುವಳಿಯ) ಕುಟುಂಬದವರು, ನಮಗೆ ಕೋವಿಗೆ ಪರವಾನಗಿಯೇ ಬೇಡ ಎಂಬುದನ್ನು. ನಮ್ಮಲ್ಲಿ ಬಹಳ ಮಂದಿ ನಂಬಿರುವುದೂ ಇದನ್ನೇ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1861ರಿಂದ ನಡೆದುಬಂದಿರುವ ಈ ವಿನಾಯಿತಿ ಇಂದು 1959ರ ಆಯುಧ ಕಾಯ್ದೆಯ ಅಡಿಯಲ್ಲಿ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದೆ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಆಯುಧ ಕಾಯ್ದೆಯಡಿ ಪರವಾನಗಿ ಪಡೆಯಬೇಕಾದ ಅಗತ್ಯಕ್ಕೆ ಮಾತ್ರ ಸಿಗುವ ವಿನಾಯಿತಿ. ವನ್ಯಜೀವಿ ಕಾಯ್ದೆ ಬೇರೆಯೇ ಕಾನೂನು. ಅದರ 31ನೆಯ ಸೆಕ್ಷನ್ ಪ್ರಕಾರ ಲಿಖಿತ ಪೂರ್ವಾನುಮತಿಯಿಲ್ಲದೆ ಯಾರೂ ಅಭಯಾರಣ್ಯದೊಳಕ್ಕೆ ಆಯುಧದೊಡನೆ ಪ್ರವೇಶಿಸುವಂತಿಲ್ಲ, 35ನೆಯ ಸೆಕ್ಷನ್ ಅದನ್ನು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಕೋವಿಗೆ ತೋಟೆ ತುಂಬಿತ್ತೋ ಇಲ್ಲವೋ, ನೀವು ಬೇಟೆಗೆ ಬಂದವರೋ ದಾರಿಹೋಕರೋ ಎಂಬ ಪ್ರಶ್ನೆ ಅಲ್ಲಿ ಮೊದಲಿಗೆ ಏಳುವುದೇ ಇಲ್ಲ. ಅಷ್ಟೇ ಅಲ್ಲ, ಅದೇ ಕಾಯ್ದೆಯ 34ನೆಯ ಸೆಕ್ಷನ್ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ಹೆಸರು ನೋಂದಾಯಿಸಬೇಕೆಂದು ಹೇಳುವಾಗ, ಪರವಾನಗಿ ಪಡೆದವರ ಜೊತೆಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಪಡೆದವರನ್ನೂ ಸೇರಿಸಿಯೇ ಹೇಳುತ್ತದೆ. ಕಾಡಿನ ಅಂಚಿನಲ್ಲಿ ಮೂರು ತಲೆಮಾರು ಬದುಕಿದ ನಮಗೆ ಇದು ಗೊತ್ತಿರಲಿಲ್ಲ. 2022ರ ತಿದ್ದುಪಡಿಯ ನಂತರ ಈ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಬೀಳಬಹುದು.

ವಿನಾಯಿತಿಯಾದರೂ ನನ್ನ ನೆರವಿಗೆ ಬಂದಿತೇ ಎಂದರೆ ಅದೂ ಇಲ್ಲ. ಚೀಲದಲ್ಲಿದ್ದ ವಿನಾಯಿತಿ ಪತ್ರದ ನೆರಳಚ್ಚು ಪ್ರತಿ ಅಪ್ಪನ ಹೆಸರಿನದು. ಆ ಕೋವಿಯ ಸಂಖ್ಯೆಯನ್ನು ನನ್ನ ಹೆಸರಿಗೆ ಸೇರಿಸಿಕೊಳ್ಳಲು ಅಪ್ಪ ತೀರಿಕೊಂಡ ಮೇಲೆ ನಾನು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಜಮ್ಮಾ ಕುಟುಂಬದಲ್ಲಿ ಹುಟ್ಟಿದವನೆಂಬುದು ನಿಜವೇ ಆದರೂ ದಾರಿಯಲ್ಲಿ ತಡೆದು ಕೇಳಿದವರಿಗೆ ಅದನ್ನು ತೋರಿಸುವ ಕಾಗದ ನನ್ನಲ್ಲಿರಲಿಲ್ಲ. ಇದರಿಂದಾಗಿ ಅರಣ್ಯ ಪ್ರಕರಣದ ಜೊತೆಗೆ ಆಯುಧ ಕಾಯ್ದೆಯ ಪ್ರಶ್ನೆಯೂ ಸೇರಿಕೊಂಡಿತು.

ಮುಂದಿನದನ್ನು ಉದ್ದಕ್ಕೆ ಬರೆಯುವುದಿಲ್ಲ. ಮೂರನೆಯ ದಿನ ಜಾಮೀನು ಸಿಕ್ಕಿತು. ಮಾಂಸದ ಮಾದರಿ ಪ್ರಯೋಗಾಲಯಕ್ಕೆ ಹೋಗಿ, ಅದು ಸಾಕಿದ ಹಂದಿಯದೇ ಎಂಬ ವರದಿ ಬರುವವರೆಗೆ ಐದು ತಿಂಗಳ ಕಾಲ ನಮ್ಮನ್ನು ಬಲ್ಲವರೂ ನಮ್ಮನ್ನು ಕಾಡುಹಂದಿ ಹೊಡೆದವರೆಂದೇ ನೋಡಿದರು. ತಮ್ಮನ ಪಾಸ್‌ಪೋರ್ಟ್ ಅರ್ಜಿ ಪೊಲೀಸ್ ಪರಿಶೀಲನೆಯಲ್ಲಿ ನಿಂತುಹೋಯಿತು, ಅವನಿಗೆ ಬಂದಿದ್ದ ಹೊರದೇಶದ ಕೆಲಸ ಕೈತಪ್ಪಿತು. ಎಲ್ಲಕ್ಕಿಂತ ಹೆಚ್ಚು ನೋಯುವುದು ನನಗೆ ಇದೇ.

ಈಗ ನಾನು ಕಲಿತದ್ದನ್ನು ಹೇಳುತ್ತೇನೆ. ಜೋಡುನಳಿಗೆ ಕೋವಿಯನ್ನು ನಳಿಗೆ, ಮುಂಗೈ ಹಿಡಿಯುವ ಮರ ಮತ್ತು ಹಿಂದಿನ ಕಟ್ಟು ಎಂದು ಮೂರು ಭಾಗವಾಗಿ ಸುಲಭವಾಗಿ ಬಿಚ್ಚಬಹುದು. ಬಿಚ್ಚಿದರೆ ಅದು ಸಾಧಾರಣ ಸೂಟ್‌ಕೇಸಿನಷ್ಟು ಉದ್ದದ, ಬೀಗ ಹಾಕುವ ಗಟ್ಟಿ ಪೆಟ್ಟಿಗೆಯಲ್ಲಿ ಕೂರುತ್ತದೆ, ನೋಡಿದವರಿಗೆ ಕೋವಿಯೆಂದು ತಿಳಿಯುವುದೂ ಇಲ್ಲ. ಉದ್ದನೆಯ ಬಟ್ಟೆಯ ಚೀಲವಾದರೋ ಹೋಟೆಲಿನ ಮುಂದೆ ನಿಂತ ಮಕ್ಕಳಿಗೂ ಏನೆಂದು ಗೊತ್ತಾಗುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು ಎಂಬುದು 2016ರ ಆಯುಧ ನಿಯಮಗಳ ನಿರ್ದೇಶನವೂ ಹೌದು. ಹೊರಡುವ ಮುನ್ನ ನಳಿಗೆಗಳನ್ನು ಬೆಳಕಿಗೆ ಹಿಡಿದು ಎರಡೂ ಖಾಲಿಯೆಂದು ಒಬ್ಬರಲ್ಲ, ಇಬ್ಬರು ನೋಡಬೇಕು. ಹಬ್ಬದಲ್ಲಿ ಗುಂಡು ಹಾರಿಸಿದ್ದರೆ ಅಂದೇ ಶುಚಿ ಮಾಡಿ ಎಣ್ಣೆ ಹಚ್ಚಬೇಕು. ದುರಸ್ತಿಗೆ ಹೋಗುವ ಕೋವಿಯ ಜೊತೆ ತೋಟೆಗಳು ಹೋಗಬೇಕಾದ ಅಗತ್ಯವೇ ಇಲ್ಲ. ಒಯ್ಯಲೇಬೇಕಾದರೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ, ಎಣಿಸಿ ಬರೆದಿಟ್ಟು ಒಯ್ಯಿರಿ. ತೋಟೆ ಇಟ್ಟಿದ್ದ ಚೀಲವನ್ನು ಮತ್ತೆಂದೂ ಬೇರೆ ಪ್ರಯಾಣಕ್ಕೆ ಬಳಸಬೇಡಿ. ಮರೆತುಹೋದ ಒಂದೇ ಒಂದು ತೋಟೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ ಪ್ರಕರಣ ದಾಖಲಾದವರು ದೇಶದಲ್ಲಿ ಬಹಳ ಮಂದಿ ಇದ್ದಾರೆ. ಪೆಟ್ಟಿಗೆಯನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಇಳಿಯಬೇಡಿ. ಇಬ್ಬರಿದ್ದರೆ ಒಬ್ಬರು ಕಾರಿನಲ್ಲಿಯೇ ಇರಲಿ, ಒಬ್ಬರೇ ಆದರೆ ಬುತ್ತಿ ಕಟ್ಟಿಕೊಂಡು ಹೋಗಿ.

ದಾರಿಯ ಆಯ್ಕೆಗೆ ಎಲ್ಲಕ್ಕಿಂತ ಹೆಚ್ಚು ಯೋಚನೆ ಕೊಡಿ. ನಮ್ಮ ಜಿಲ್ಲೆಯಲ್ಲಿ ನಾಗರಹೊಳೆಯಲ್ಲದೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಎಂಬ ಮೂರು ಅಭಯಾರಣ್ಯಗಳಿವೆ. ಕುಟ್ಟದಿಂದ ಕೇರಳದ ಕಡೆಗೆ ಇಳಿದರೆ ತೋಲ್ಪೆಟ್ಟಿಯಲ್ಲಿಯೇ ವಯನಾಡು ಅಭಯಾರಣ್ಯ ಎದುರಾಗುತ್ತದೆ. ತಿತಿಮತಿಯಿಂದ ಹುಣಸೂರಿಗೆ ಹೋಗುವ ಹೆದ್ದಾರಿಯೂ ನಾಗರಹೊಳೆಯ ಕಾಡನ್ನು ಹಾಯ್ದೇ ಹೋಗುತ್ತದೆ. ಮೈಸೂರಿಗೆ ಹೋಗುವವರು ಕುಶಾಲನಗರ, ಪಿರಿಯಾಪಟ್ಟಣದ ಮೇಲೆ ಸುತ್ತಿ ಹೋಗುವುದೇ ಲೇಸು. ಗಂಟೆಗಟ್ಟಲೆ ಹೆಚ್ಚಾದರೂ ಆಗಲಿ. ಚುನಾವಣೆ ಘೋಷಣೆಯಾಗಿದ್ದರೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಹೊರಟಿದೆಯೇ ಎಂದು ವಿಚಾರಿಸದೆ ಅದನ್ನು ಮನೆಯಿಂದ ಹೊರತೆಗೆಯಲೇಬೇಡಿ.

ಕೋವಿಯ ವಿಷಯ ಊರವರಿಗೆ, ದಾರಿಯವರಿಗೆ, ಫೋನಿನಲ್ಲಿರುವ ನೂರಾರು ಮಂದಿಗೆ ತಿಳಿಯಬಾರದು. ಕೇಳುವ ಅಧಿಕಾರವಿರುವವರಿಗೆ ಮಾತ್ರ ಅವರು ಕೇಳುವ ಮೊದಲೇ ತಿಳಿಯಬೇಕು. ನಾವು ಮಾಡಿದ್ದು ಇದಕ್ಕೆ ತೀರ ವಿರುದ್ಧವಾದದ್ದು. ಊರಿಗೆಲ್ಲ ತೋರಿಸಿದೆವು, ಗೇಟಿನವರಿಂದ ಬಚ್ಚಿಟ್ಟೆವು. ತಪಾಸಣೆಯಲ್ಲಿ ನಿಲ್ಲಿಸಿದರೆ ಕಾರಿನ ಎಂಜಿನ್ ನಿಲ್ಲಿಸಿ, ಕೈಗಳನ್ನು ಕಾಣುವಂತೆ ಸ್ಟಿಯರಿಂಗ್ ಮೇಲಿಟ್ಟು, ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ಇಂಥ ಕೋವಿ ಇಂಥ ಕಡೆ ಇದೆ, ಕಾಗದಗಳು ಇಲ್ಲಿವೆ ಎಂದು ಬಾಯಿಬಿಟ್ಟು ಹೇಳಿ. ಕಾಗದವೆಂದರೆ ನಿಮ್ಮ ಹೆಸರಿನ ಮೂಲ ಪತ್ರ, ಅದರಲ್ಲಿ ಕೋವಿಯ ಮೇಲಿರುವ ಸಂಖ್ಯೆಯೇ ಬರೆದಿರಬೇಕು. ಹೊರಡುವ ಮೊದಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿ.

ಅಪ್ಪನ ಕೋವಿಯನ್ನು ನನ್ನ ಹೆಸರಿಗೆ ಸೇರಿಸಬೇಕೆಂಬ ಅರ್ಜಿಯನ್ನು ಜಾಮೀನಿನ ಮರುವಾರವೇ ಕೊಟ್ಟೆ. ಪರಿಶೀಲನೆಗೆ ಕೋವಿಯನ್ನು ತರಬೇಕೆಂದು ಉತ್ತರ ಬಂತು. ಕೋವಿಯನ್ನು ಬಿಡುಗಡೆ ಮಾಡಬೇಕೆಂದು ನ್ಯಾಯಾಲಯದಲ್ಲಿ ಕೇಳಿದಾಗ ಅದು ನನ್ನ ಹೆಸರಿನಲ್ಲಿರುವ ದಾಖಲೆ ತರಬೇಕೆಂದರು. ಎರಡು ಅರ್ಜಿಗಳೂ ಈಗ ಹಾಗೆಯೇ ಬಾಕಿಯಿವೆ.